ಮೈಸೂರಿಗೆ ಹೊರಟ ರಸ್ತೆ, ಬೆಂಗಳೂರಿಗೇ ಸುತ್ತು

ಪೀಣ್ಯದಲ್ಲಿ ಸರಕು ತುಂಬಿಕೊಂಡು ಎಲೆಕ್ಟ್ರಾನಿಕ್ ಸಿಟಿಗೆ ಹೊರಟ ಲಾರಿ ಊರೊಳಗೆ ನುಗ್ಗಬೇಕಾಗಿಲ್ಲ. ತುಮಕೂರು ರಸ್ತೆಯ ಮಾದಾವರದ ಬಳಿ ನೈಸ್ ರಸ್ತೆ ಹತ್ತಿದರೆ ಮಾಗಡಿ, ಮೈಸೂರು, ಕನಕಪುರ, ಬನ್ನೇರುಘಟ್ಟ ರಸ್ತೆಗಳನ್ನು ದಾಟಿ ನೇರ ಹೊಸೂರು ರಸ್ತೆಗೆ ಇಳಿಯಬಹುದು. ಅಲ್ಲಲ್ಲಿ ಟೋಲ್ ತೆರಬೇಕು, ಅಷ್ಟೆ. ಆದರೆ ಇದು ಮೈಸೂರಿಗೆ ಹೋಗಬೇಕಿದ್ದ ರಸ್ತೆಯೊಂದರ ತುಂಡು ಎಂಬುದು ಟೋಲ್ ತೆರುವವರಲ್ಲಿ ಎಷ್ಟು ಜನರಿಗೆ ನೆನಪಿದೆ?

ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾಗಿದ್ದಾಗ, 1995ರ ಫೆಬ್ರುವರಿಯಲ್ಲಿ, ಬೆಂಗಳೂರು-ಮೈಸೂರು ಮೂಲಸೌಕರ್ಯ ಕಾರಿಡಾರ್ ಯೋಜನೆಯ ತಿಳಿವಳಿಕೆ ಪತ್ರಕ್ಕೆ ಸಹಿ ಬಿತ್ತು. ಜೆ.ಎಚ್. ಪಟೇಲರ ಕಾಲದಲ್ಲಿ, 1997ರ ಏಪ್ರಿಲ್ 3ರಂದು, ನೈಸ್ ಸಂಸ್ಥೆಯೊಂದಿಗೆ ಒಪ್ಪಂದವಾಯಿತು. ಮೈಸೂರಿಗೆ 111 ಕಿ.ಮೀ. ಉದ್ದದ ಟೋಲ್ ಹೆದ್ದಾರಿ, ಬೆಂಗಳೂರಿನ ಹೊರವಲಯದಲ್ಲಿ 41 ಕಿ.ಮೀ. ವರ್ತುಲ ರಸ್ತೆ, ದಾರಿಯುದ್ದಕ್ಕೂ ಐದು ಹೊಸ ಪಟ್ಟಣಗಳು. ಇಷ್ಟಕ್ಕೂ ಗೊತ್ತುಮಾಡಿದ ಜಮೀನು 20,193 ಎಕರೆ!

ಅಷ್ಟು ಜಮೀನು ಬೇಕೇ ಎಂಬ ಜಗಳ ಅಲ್ಲಿಂದಲೇ ಶುರು. ರಸ್ತೆಗೆ ಬೇಕಾದ್ದಕ್ಕಿಂತ ಹೆಚ್ಚು ಭೂಮಿ ಹೋಗುತ್ತಿದೆ ಎಂಬ ಆಕ್ಷೇಪ ವಿಧಾನಸೌಧದಿಂದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2006ರ ಏಪ್ರಿಲ್ 20ರಂದು ಕೋರ್ಟು ಯೋಜನೆಯನ್ನು ಎತ್ತಿಹಿಡಿಯಿತು. ವರ್ತುಲ ರಸ್ತೆ ಬಂತು, ವಾಹನಗಳೂ ಬಂದವು. ಮುಖ್ಯ ಹೆದ್ದಾರಿ ಮಾತ್ರ ಮೈಸೂರು ಮುಟ್ಟಲಿಲ್ಲ.

ಮೈಸೂರಿಗೆ ಟೋಲ್ ಹೆದ್ದಾರಿ ಬಂದದ್ದು ಬೇರೆ ದಾರಿಯಲ್ಲಿ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು ಹಳೆಯ ಮೈಸೂರು ರಸ್ತೆಯನ್ನೇ ಅಗಲಿಸಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳಿಗೆ ಬೈಪಾಸ್ ಹಾಕಿತು. ಸುಮಾರು 118 ಕಿ.ಮೀ.ಗಳ ಈ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಅದರ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಅವು ಪಕ್ಕದ ಸರ್ವಿಸ್ ರಸ್ತೆ ಹಿಡಿಯಬೇಕು. ಕಾರಿನವರಿಗೆ ಹೊತ್ತು ಉಳಿಯಿತು. ದಾರಿಯಲ್ಲಿ ಇಳಿದು ಮದ್ದೂರು ವಡೆ ತಿನ್ನುತ್ತಿದ್ದವರು, ಚನ್ನಪಟ್ಟಣದ ಗೊಂಬೆ ಕೊಳ್ಳುತ್ತಿದ್ದವರು ಈಗ ಊರಾಚೆಯಿಂದಲೇ ಸಾಗುತ್ತಾರೆ.

ಹಾಗಾದರೆ ಮೊದಲ ಯೋಜನೆಗೆ ಜಮೀನು ಬಿಟ್ಟವರ ಕಥೆ?

ಒಂದು ಪ್ರಕರಣ ಸಾಕು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ 2003ರಲ್ಲಿ ಅಧಿಸೂಚನೆ ಹೊರಡಿಸಿ, 2005ರಲ್ಲಿ ಕೆಲವರ ನಿವೇಶನಗಳನ್ನು ವಶಕ್ಕೆ ತೆಗೆದುಕೊಂಡಿತು. ಪರಿಹಾರದ ಆದೇಶ ಬಂದದ್ದು 2019ರ ಏಪ್ರಿಲಿನಲ್ಲಿ. ಅದೂ 2011ರ ದರದಂತೆ. ಮಾಲೀಕರು ಕೋರ್ಟಿನ ಮೆಟ್ಟಿಲು ಹತ್ತಿದರು. 2025ರ ಜನವರಿ 2ರಂದು ಸುಪ್ರೀಂ ಕೋರ್ಟು, 2019ರ ಏಪ್ರಿಲ್ 22ರಂದು ಇದ್ದ ಮಾರುಕಟ್ಟೆ ಬೆಲೆಯನ್ನೇ ಕೊಡಬೇಕೆಂದು ತೀರ್ಪಿತ್ತಿತು. ಆಸ್ತಿಯ ಹಕ್ಕು ಈಗ ಮೂಲಭೂತ ಹಕ್ಕಲ್ಲದಿದ್ದರೂ ಸಂವಿಧಾನದ 300-ಎ ವಿಧಿಯಡಿ ಅದಕ್ಕೆ ರಕ್ಷಣೆಯಿದೆ; ಪರಿಹಾರ ಕೊಡದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಎಂಬುದು ತೀರ್ಪಿನ ಸಾರ.

ಅಧಿಸೂಚನೆಯಿಂದ ತೀರ್ಪಿನವರೆಗೆ ಕಳೆದದ್ದು ಸುಮಾರು ಇಪ್ಪತ್ತೆರಡು ವರ್ಷ. ಅಷ್ಟರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ನೆಲದ ಬೆಲೆ ಎಲ್ಲಿಗೆ ಏರಿತು ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ದರದ ಹಣದಲ್ಲಿ ಅದೇ ಊರಿನಲ್ಲಿ ಇನ್ನೊಂದು ನಿವೇಶನ ಕೊಳ್ಳಲು ಸಾಧ್ಯವಿತ್ತೇ?

ರಸ್ತೆ ಬೇಡವೆನ್ನುವವರು ವಿರಳ. ಬಳಸುವವರು ಪ್ರತಿ ಗೇಟಿನಲ್ಲೂ ಆಗಿಂದಾಗಲೇ ಹಣ ಎಣಿಸುತ್ತಾರೆ. ನೆಲ ಬಿಟ್ಟವರಿಗೂ ಅಷ್ಟೇ ಚುರುಕಾಗಿ ಹಣ ಎಣಿಸುವ ಏರ್ಪಾಡು ಮುಂದಿನ ಹೆದ್ದಾರಿಗಾದರೂ ಆಗಬೇಕು.