ಬೋರ್ಡು ಕುಣಿಗಲ್ಲಿನದು, ರಸ್ತೆ ಜಕಾರ್ತದ್ದು

ಗುಬ್ಬಿಯ ನಮ್ಮಕ್ಕನ ಫೋನಿನಲ್ಲಿ ಒಂದು ಕೆಂಪು ಸಾರಿಗೆ ಬಸ್ಸಿದೆ. ಮುಂದೆ ‘ತುಮಕೂರು–ಕುಣಿಗಲ್’ ಬೋರ್ಡು. ಆಟ ಇಂಡೋನೇಷ್ಯಾದ ಮಾಲಿಯೋ ಕಂಪನಿ 2017ರಲ್ಲಿ ತಂದ ‘ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ’. ಬಸ್ಸು ಮಾತ್ರ ನಮ್ಮದು, ಮಾಡ್ (ಆಟಕ್ಕೆ ಹೊರಗಿನವರು ಮಾಡಿದ ಮಾರ್ಪಾಡು) ಹಾಕಿ ತಂದದ್ದು. ಮೊನ್ನೆ ಅಕ್ಕನ ಮಗ ಬಂದ: ‘ಮಾವ, ದುಡ್ಡೇ ಮುಗಿಯದಿರೋ ಮಾಡ್ ಸಿಕ್ಕಿದೆ, ಹಾಕ್ಕೊಡು. ಹಾಕಕ್ಕೋದ್ರೆ ಕೂರ್ತಾನೇ ಇಲ್ಲ.’

ಎಲ್ಲ ಮಾಡ್‌ಗಳೂ ಒಂದೇ ಜಾತಿ ಎಂಬ ತಪ್ಪು ಕಲ್ಪನೆ ಶುರುವಾಗುವುದೇ ಇಲ್ಲಿ. ಬಸ್ಸಿನ ಬಣ್ಣ, ಹುಡುಗರು ಲಿವರಿ ಎನ್ನುವುದು, ಬರೀ ಒಂದು ಪಿಎನ್‌ಜಿ ಚಿತ್ರ. ಬಸ್ಸಿನ ಮಾಡ್ ಕೂಡ ಆಟವೇ ತೆರೆದು ಓದಿಕೊಳ್ಳುವ ಫೈಲು. ಹುಡುಗನಿಗೆ ಸಿಕ್ಕ ‘ಮಾಡ್ ಎಪಿಕೆ’ ಹಾಗಲ್ಲ. ಯಾರೋ ಬಿಚ್ಚಿ, ತಿದ್ದಿ, ಮತ್ತೆ ಕಟ್ಟಿದ ಇಡೀ ಆಟ ಅದು. ಬಣ್ಣ ಬಳಿದದ್ದಲ್ಲ, ಡ್ರೈವರನ್ನೇ ಬದಲಿಸಿದ್ದು. ಆಂಡ್ರಾಯ್ಡ್ ಆ್ಯಪಿಗೆಲ್ಲ ತಯಾರಕರ ಡಿಜಿಟಲ್ ಮೊಹರು ಇರುತ್ತದೆ. ತಿದ್ದಿದವನ ಹತ್ತಿರ ಆ ಮೊಹರಿಲ್ಲ, ತನ್ನದನ್ನು ಒತ್ತಿರುತ್ತಾನೆ. ಹಾಗಾಗಿ ಅಸಲಿ ಆಟದ ಮೇಲೆ ಅದು ಕೂರುವುದಿಲ್ಲ. ‘ಹಳೇದನ್ನ ತೆಗೀರಿ, ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ’ ಎಂದು ವಿಡಿಯೊದವರು ಹೇಳಿಕೊಡುವುದು ಇದಕ್ಕೇ. ಪ್ಲೇ ಪ್ರೊಟೆಕ್ಟ್ ಫೋನಿನ ಕಾವಲುಗಾರ; ಅಕ್ಕನ ಬ್ಯಾಂಕಿನ ಒಟಿಪಿ ಬರುವುದೂ ಅದೇ ಫೋನಿಗೆ.

ಕಂಪ್ಯೂಟರಿನಲ್ಲಿ ಆಡುವವರ ನಂಬಿಕೆ ಬೇರೆ: ಹೆಸರಿರುವ ಜಾಗದಿಂದ ಇಳಿಸಿಕೊಂಡರೆ ಭಯವಿಲ್ಲ. ಭಯ ಕಡಿಮೆ, ಅಷ್ಟೇ. 2023ರ ಜೂನ್‌ನಲ್ಲಿ ಮೈನ್‌ಕ್ರಾಫ್ಟ್ ಮಾಡ್‌ಗಳ ದೊಡ್ಡ ಸಂತೆ ಕರ್ಸ್‌ಫೋರ್ಜ್‌ನಲ್ಲೇ ‘ಫ್ರಾಕ್ಚರೈಸರ್’ ಎಂಬ ಕಳ್ಳ ತಂತ್ರಾಂಶ ಸಿಕ್ಕಿತು. ಮಾಡ್ ಬರೆದವರ ಖಾತೆಗಳಿಗೇ ಕನ್ನ ಬಿದ್ದಿತ್ತು. ಅದೇ ವರ್ಷ ಕ್ರಿಸ್‌ಮಸ್ ದಿನ ಸ್ಟೀಮ್‌ನಲ್ಲಿ ‘ಸ್ಲೇ ದ ಸ್ಪೈರ್’ ಆಟದ ‘ಡೌನ್‌ಫಾಲ್’ ಮಾಡ್‌ಗೂ ಇದೇ ಗತಿಯಾಯಿತು. ಅಪ್‌ಡೇಟ್ ಬಂದ ಗಳಿಗೆಯಲ್ಲೇ ಹಾರಿ ಬೀಳದೆ ಎರಡು ದಿನ ತಡೆದರೆ ನಷ್ಟವೇನಿಲ್ಲ.

ಆಂಟಿವೈರಸ್ ಕೂಗಿಕೊಂಡರೆ ಸುಳ್ಳು ಎಚ್ಚರಿಕೆ ಎಂದು ತಳ್ಳಿಹಾಕುವವರಿದ್ದಾರೆ. ಒಮ್ಮೊಮ್ಮೆ ಸುಳ್ಳೂ ಹೌದು. ಆದರೆ ಕಂಪ್ಯೂಟರಿನ ‘ಯೂರೋ ಟ್ರಕ್ ಸಿಮ್ಯುಲೇಟರ್ 2’ ಆಟವನ್ನೇ ನೋಡಿ: ಅದರ ಮಾಡ್ ಇರುವ ಎಸ್‌ಸಿಎಸ್ ಫೈಲನ್ನು ಡಾಕ್ಯುಮೆಂಟ್ಸ್‌ನೊಳಗಿನ ‘ಮಾಡ್’ ಫೋಲ್ಡರಿಗೆ ಹಾಕಿ, ಮಾಡ್ ಮ್ಯಾನೇಜರಿನಲ್ಲಿ ಚಾಲೂ ಮಾಡಿದರೆ ಕೆಲಸ ಮುಗಿಯಿತು. ಅಷ್ಟಕ್ಕೆ ಎಕ್ಸ್‌ಇ ಪ್ರೋಗ್ರಾಮ್ ಓಡಿಸಿ ಅಂದರೆ ಆ ಬಸ್ಸಿಂದ ಅಲ್ಲೇ ಇಳಿದುಬಿಡಿ.

ಆಟ ಮಧ್ಯೆ ಮುಚ್ಚಿಕೊಂಡರೆ ಬೈಗುಳ ಬೀಳುವುದು ಹಳೇ ಕಂಪ್ಯೂಟರಿಗೆ. ಬಹಳ ಸಲ ತಪ್ಪು ಅದರದ್ದಲ್ಲ: ಮಾಡ್ ಹಳೇ ಆವೃತ್ತಿಯದ್ದು, ಇಲ್ಲವೇ ಎರಡು ಮಾಡ್‌ಗಳು ಒಂದೇ ಜಾಗಕ್ಕೆ ಜಗಳವಾಡುತ್ತಿವೆ. ಮ್ಯಾನೇಜರ್ ಪಟ್ಟಿಯಲ್ಲಿ ಮೇಲಿರುವುದರದ್ದೇ ನಡೆಯುವುದು. ಒಂದೊಂದಾಗಿ ಚಾಲೂ ಮಾಡುತ್ತ ಹೋದರೆ ಕಿತಾಪತಿಯದ್ದು ಸಿಕ್ಕಿಬೀಳುತ್ತದೆ. ಮಾಡ್ ಅಳಿಸಿದ ಮಾತ್ರಕ್ಕೆ ಎಲ್ಲ ಮೊದಲಿನಂತಾಗುವುದೂ ಇಲ್ಲ. ಸೇವ್ ಆದ ಆಟ ಅಳಿಸಿದ ಮಾಡ್‌ನ ವಾಹನವನ್ನು ಇನ್ನೂ ಹುಡುಕಬಹುದು. ಪ್ರೊಫೈಲ್ ಫೋಲ್ಡರಿನ ಒಂದು ಪ್ರತಿಯನ್ನು ಮೊದಲೇ ಪೆನ್‌ಡ್ರೈವಿಗೆ ಹಾಕಿಡಿ.

ಎಪಿಕೆ ಅಳಿಸಿ ಫೋನ್ ವಾಪಸ್ ಕೊಟ್ಟೆ. ಎರಡು ದಿನ ಮಾತಾಡಲಿಲ್ಲ ಹುಡುಗ. ಈಗ ಕುಣಿಗಲ್ ಬೋರ್ಡಿನ ಬಸ್ಸನ್ನು ಜಕಾರ್ತದಲ್ಲಿ ಓಡಿಸಿ, ರುಪಿಯಾ ಲೆಕ್ಕದಲ್ಲಿ ದುಡಿಯುತ್ತಿದ್ದಾನೆ.