ಹ್ಯಾಲೋವೀನ್ ಚಾಕೊಲೇಟ್‌ನಲ್ಲಿ ವಿಷ ಹಾಕ್ತಾರಾ? ನಿಜವಾದ ಅಪಾಯ ಇರೋದು ರಸ್ತೆಯಲ್ಲಿ

"ಶಾಲೆಯ ಹ್ಯಾಲೋವೀನ್ ಪಾರ್ಟಿಯಲ್ಲಿ ಅಪರಿಚಿತರು ಕೊಡುವ ಚಾಕೊಲೇಟ್ ಮಕ್ಕಳಿಗೆ ತಿನ್ನಿಸಬೇಡಿ, ಅದರಲ್ಲಿ ವಿಷ, ಡ್ರಗ್ಸ್, ಬ್ಲೇಡ್ ಇರುತ್ತೆ. ಎಲ್ಲರಿಗೂ ಶೇರ್ ಮಾಡಿ." ಅಕ್ಟೋಬರ್ ಬಂದರೆ ಸಾಕು, ಇಂಥ ಫಾರ್ವರ್ಡ್‌ಗಳು ಶುರುವಾಗುತ್ತವೆ. ಮೊಮ್ಮಕ್ಕಳು ಅಮೆರಿಕದಲ್ಲಿದ್ದರೆ ಇಲ್ಲಿನ ಅಜ್ಜಿ-ತಾತನಿಗೂ ಗಾಬರಿ. ಹಾಗಾದರೆ ಇದು ನಿಜವೇ?

ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ 1958ರಿಂದ ಈಚಿನ ಪತ್ರಿಕಾ ವರದಿಗಳನ್ನು ದಶಕಗಳಿಂದ ಜಾಲಾಡುತ್ತಿದ್ದಾರೆ. ಹ್ಯಾಲೋವೀನ್ ಸಂಜೆ ಅಪರಿಚಿತರು ಹಂಚಿದ ಸಿಹಿಯಲ್ಲಿದ್ದ ವಿಷದಿಂದ ಮಗುವೊಂದು ಸತ್ತ, ಗಂಭೀರವಾಗಿ ಗಾಯಗೊಂಡ ಒಂದು ಪ್ರಕರಣವೂ ಅವರಿಗೆ ಸಿಕ್ಕಿಲ್ಲ. ಪಿನ್, ಬ್ಲೇಡ್ ಸಿಕ್ಕಿತೆಂಬ ದೂರುಗಳಲ್ಲಿ ಬಹುಪಾಲು ಹುಸಿ. ಎಷ್ಟೋ ಸಲ ಮಕ್ಕಳೇ ತಮಾಷೆಗೆ ಮಾಡಿದ್ದು.

ಈ ಭಯಕ್ಕೆ ಜೀವ ಕೊಟ್ಟ ಘಟನೆ ನಡೆದದ್ದು 1974ರಲ್ಲಿ, ಟೆಕ್ಸಾಸ್‌ನಲ್ಲಿ. ಸಯನೈಡ್ ಬೆರೆಸಿದ ಸಿಹಿ ಪುಡಿ ತಿಂದು ಎಂಟು ವರ್ಷದ ಹುಡುಗ ಸತ್ತ. ಕೊಟ್ಟದ್ದು ದಾರಿಹೋಕನಲ್ಲ, ಹೆತ್ತ ಅಪ್ಪ ರೊನಾಲ್ಡ್ ಓಬ್ರಯನ್. ವಿಮೆ ಹಣದ ಆಸೆ! ಅನುಮಾನ ಬಾರದಿರಲೆಂದು ಬೇರೆ ಮಕ್ಕಳ ಕೈಗೂ ಅದನ್ನೇ ಇಟ್ಟಿದ್ದ. ಪುಣ್ಯಕ್ಕೆ ಅವರು ತಿನ್ನಲಿಲ್ಲ. 1984ರಲ್ಲಿ ಅವನಿಗೆ ಮರಣದಂಡನೆಯಾಯಿತು. ಕಥೆಯಲ್ಲಿ ಮಾತ್ರ ಅಪ್ಪ ಮಾಯವಾಗಿ "ಅಪರಿಚಿತ" ಉಳಿದುಕೊಂಡ.

ಈ ಭಯದಿಂದ ಒಂದು ಒಳ್ಳೆಯದೂ ಆಗಿದೆ ಎನ್ನಬೇಕು. ಅಮೆರಿಕದ ಎಷ್ಟೋ ಶಾಲೆಗಳು ವರ್ಷಕ್ಕೊಮ್ಮೆ ಶಾಲೆಯ ಪಾರ್ಕಿಂಗ್ ಜಾಗದಲ್ಲೇ ಪಾರ್ಟಿ ಮಾಡುತ್ತವೆ. ಪೋಷಕರು ಕಾರಿನ ಡಿಕ್ಕಿ ತೆರೆದು ಅಲಂಕರಿಸಿ ನಿಲ್ಲುತ್ತಾರೆ, ವೇಷ ಹಾಕಿದ ಮಕ್ಕಳು ಕಾರಿಂದ ಕಾರಿಗೆ ಹೋಗಿ ಸಿಹಿ ತೆಗೆದುಕೊಳ್ಳುತ್ತಾರೆ. ಇದನ್ನು 'ಟ್ರಂಕ್ ಆರ್ ಟ್ರೀಟ್' ಅನ್ನುತ್ತಾರೆ. ಇದರ ನಿಜವಾದ ಲಾಭ ಏನು ಗೊತ್ತೇ? ಮಕ್ಕಳು ಕತ್ತಲಲ್ಲಿ ರಸ್ತೆ ದಾಟಬೇಕಿಲ್ಲ.

1975ರಿಂದ 2016ರವರೆಗಿನ 42 ವರ್ಷಗಳ ಅಪಘಾತಗಳನ್ನು ಸಂಶೋಧಕರು ಲೆಕ್ಕ ಹಾಕಿದರು. ಹ್ಯಾಲೋವೀನ್ ಸಂಜೆಯನ್ನು ಒಂದು ವಾರ ಮುಂಚಿನ ಮತ್ತು ನಂತರದ ಸಂಜೆಗಳೊಂದಿಗೆ ಹೋಲಿಸಿದಾಗ, ಪಾದಚಾರಿಗಳ ಸಾವಿನ ಅಪಾಯ ಶೇ. 43ರಷ್ಟು ಹೆಚ್ಚಿತ್ತು. 4ರಿಂದ 8 ವರ್ಷದ ಮಕ್ಕಳಲ್ಲಿ ಸುಮಾರು ಹತ್ತು ಪಟ್ಟು! ಒಟ್ಟು ಸಂಖ್ಯೆ ದೊಡ್ಡದಲ್ಲ, ಇಡೀ ದೇಶದಲ್ಲಿ ಒಂದು ಹ್ಯಾಲೋವೀನ್‌ಗೆ ಸರಾಸರಿ ನಾಲ್ಕು ಹೆಚ್ಚುವರಿ ಸಾವು. ಆದರೆ ವಿಷದ ಕಥೆಗೆ ಅಷ್ಟು ಲೆಕ್ಕವೂ ಇಲ್ಲ.

ಹಾಗಾಗಿ ಇಂಥ ಪಾರ್ಟಿ ಮಾಡುವವರು ಮೊದಲು ನೋಡಬೇಕಾದ್ದು, ಮಕ್ಕಳು ಓಡಾಡುವಾಗ ಆ ಜಾಗದಲ್ಲಿ ಒಂದು ಕಾರೂ ಚಲಿಸಬಾರದು. ಕಪ್ಪು ಬಟ್ಟೆಗೆ ಬೆಳಕಿಗೆ ಹೊಳೆಯುವ ಟೇಪ್ ಅಂಟಿಸಿ. ಕಣ್ಣು ಮರೆಮಾಡುವ ಮುಖವಾಡದ ಬದಲು ಮುಖಕ್ಕೆ ಬಣ್ಣ ಹಚ್ಚಿ. ಕುಂಬಳಕಾಯಿ ದೀಪದೊಳಗೆ ಮೇಣದಬತ್ತಿ ಬೇಡ, ಬ್ಯಾಟರಿ ದೀಪ ಸಾಕು, ಉದ್ದನೆಯ ವೇಷಕ್ಕೆ ಬೆಂಕಿ ತಗಲುವುದು ಕ್ಷಣದ ಕೆಲಸ.

ಹಾಗಂತ ಚಾಕೊಲೇಟ್ ನೋಡದೇ ಕೊಡಬಹುದಾ? ಬೇಡ. ಪೊಟ್ಟಣ ಹರಿದಿದ್ದರೆ ಎಸೆಯಿರಿ. ಕಡಲೆಕಾಯಿ ಅಲರ್ಜಿ ಇರುವ ಮಗುವಾದರೆ ಲೇಬಲ್ ಓದಲೇಬೇಕು. ಗಟ್ಟಿ ಪೆಪ್ಪರ್‌ಮಿಂಟ್, ಇಡೀ ಬೀಜಗಳು ನಾಲ್ಕು ವರ್ಷದೊಳಗಿನವರ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಅಮೆರಿಕದಲ್ಲಿ ಕೆಲವರು ಬಾಗಿಲಲ್ಲಿ ನೀಲಿ-ಹಸಿರು ಬಣ್ಣದ ಕುಂಬಳಕಾಯಿ ಇಡುತ್ತಾರೆ. ಇಲ್ಲಿ ತಿಂಡಿಯಲ್ಲದೆ ಪೆನ್ಸಿಲ್, ಸ್ಟಿಕ್ಕರ್ ಕೂಡ ಸಿಗುತ್ತದೆ ಎಂಬ ಗುರುತು ಅದು. ಅಲರ್ಜಿ ಇರುವ ಮಗುವೂ ಅಲ್ಲಿಂದ ಬರಿಗೈಯಲ್ಲಿ ವಾಪಸ್ ಬರುವುದಿಲ್ಲ.