ಕೈ ನಡುಗಿದರೂ ಕೂರುವ ಬಿಡಿಭಾಗಗಳು

ರೆಸಿಸ್ಟರಿನ ಕಾಲನ್ನು ಬೋರ್ಡಿನ ತೂತಿಗೆ ತೂರಿಸಿ ಹಿಂದಿನಿಂದ ಬೆಸುಗೆ ಹಾಕಿ ಕಲಿತವನು ನಾನು. ಈಗ ಒಳ್ಳೊಳ್ಳೆಯ ಐಸಿಗಳೆಲ್ಲ ಎಸ್‌ಎಂಡಿ ರೂಪದಲ್ಲೇ ಬರುತ್ತವೆ. ತೂತೇ ಬೇಡ, ಬೋರ್ಡಿನ ಮೇಲ್ಮೈಗೇ ಬೆಸುಗೆ. "ಅಷ್ಟು ಸಣ್ಣದು ನಮ್ಮ ಕೈಗೆ ಹತ್ತೋದಿಲ್ಲ" ಎಂದು ಹಿಂಜರಿಯುವವರೇ ಹೆಚ್ಚು. ನನ್ನ ಮಟ್ಟಿಗೆ ಇದರಲ್ಲಿ ಕೈಚಳಕಕ್ಕಿಂತ ಫ್ಲಕ್ಸಿನದೇ ದೊಡ್ಡ ಪಾಲು.

0805 ಅಳತೆಯ ರೆಸಿಸ್ಟರಿನಿಂದ ಶುರುಮಾಡಿ. ಅದರ ಉದ್ದ 2 ಮಿಲಿಮೀಟರ್, ಅಗಲ 1.25. 0402 ಬೇಡ, ಅದು ಸಾಸಿವೆ ಕಾಳಿಗಿಂತ ಚಿಕ್ಕದು, ಚಿಮುಟದಿಂದ ಸಿಡಿದರೆ ಹುಡುಕುವ ಮಾತೇ ಇಲ್ಲ. ಫ್ಯಾನ್ ಆರಿಸಿ, ಕಿಟಕಿ ತೆಗೆದಿಡಿ. ಮೊದಲು ಬೋರ್ಡಿನ ಮೇಲಿನ ಎರಡು ಲೋಹದ ಪ್ಯಾಡುಗಳಲ್ಲಿ ಒಂದಕ್ಕೆ ಮಾತ್ರ ಚೂರು ಸೋಲ್ಡರ್ ಹಚ್ಚಿ. ಬಲಗೈಯ ಐರನ್ನಿನಿಂದ ಅದನ್ನು ಕರಗಿಸುತ್ತ, ಎಡಗೈಯ ಚಿಮುಟದಿಂದ ರೆಸಿಸ್ಟರನ್ನು ಪಕ್ಕದಿಂದ ಜಾರಿಸಿ ಕೂರಿಸಿ. ಐರನ್ ತೆಗೆದ ಮೇಲೂ ಸೋಲ್ಡರ್ ಗಟ್ಟಿಯಾಗುವವರೆಗೆ ಚಿಮುಟ ಬಿಡಬೇಡಿ. ಆಮೇಲೆ ಇನ್ನೊಂದು ತುದಿ ಬೆಸೆಯಿರಿ. ರೆಸಿಸ್ಟರಿನ ಮೇಲೆ 103 ಎಂದಿದ್ದರೆ 10 ಕಿಲೋಓಮ್. ಸೆರಾಮಿಕ್ ಕೆಪಾಸಿಟರಿನ ಮೇಲೆ ಸಾಮಾನ್ಯವಾಗಿ ಏನೂ ಬರೆದಿರುವುದಿಲ್ಲ. ಹಾಗಾಗಿ ಒಂದು ಬೆಲೆಯದನ್ನು ಮುಗಿಸದೆ ಇನ್ನೊಂದರ ಪಟ್ಟಿ ಬಿಚ್ಚಬಾರದು.

ಐಸಿಯ ಎದುರುಬದುರು ಮೂಲೆಯ ಎರಡು ಕಾಲುಗಳನ್ನು ಮೊದಲು ಬೆಸೆದು, ಉಳಿದ ಕಾಲುಗಳಿಗೆ ಧಾರಾಳವಾಗಿ ಫ್ಲಕ್ಸ್ ಹಚ್ಚಿ, ತುಸು ಸೋಲ್ಡರ್ ಹಿಡಿದ ಐರನ್ನಿನ ತುದಿಯನ್ನು ನಿಧಾನಕ್ಕೆ ಎಳೆದರೆ ಸಾಕು. ಫ್ಲಕ್ಸ್ ಲೋಹದ ಮೇಲಿನ ಆಕ್ಸೈಡ್ ಪದರ ಕಳೆಯುತ್ತದೆ, ಸೋಲ್ಡರ್ ತಾನಾಗಿಯೇ ಕಾಲಿಗೂ ಪ್ಯಾಡಿಗೂ ಹರಡಿಕೊಳ್ಳುತ್ತದೆ. ಎರಡು ಕಾಲು ಅಂಟಿಕೊಂಡರೆ ತಾಮ್ರದ ಹೆಣಿಗೆಯ ವಿಕ್ ಇಟ್ಟು ಬಿಸಿ ಮಾಡಿ. ಹೆಚ್ಚಿನದನ್ನು ಅದು ಹೀರಿಕೊಳ್ಳುತ್ತದೆ.

ನನಗೆ ಇಷ್ಟವಾದದ್ದು ಸೋಲ್ಡರ್ ಪೇಸ್ಟ್ ಹಚ್ಚಿ ಬಿಸಿಗಾಳಿ ಬಿಡುವ ವಿಧಾನ. 63 ಪಾಲು ತವರ, 37 ಪಾಲು ಸೀಸದ ಪೇಸ್ಟ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಮಂಕು ಬೂದುಬಣ್ಣ ಥಟ್ಟನೆ ಬೆಳ್ಳಗೆ ಹೊಳೆಯುವ ಆ ಕ್ಷಣದಲ್ಲಿ, ಸೊಟ್ಟಗೆ ಇಟ್ಟಿದ್ದ ರೆಸಿಸ್ಟರ್ ತಾನೇ ತಿರುಗಿ ನೆಟ್ಟಗಾಗುತ್ತದೆ. ಕರಗಿದ ಲೋಹದ ಮೇಲ್ಮೈ ಸೆಳೆತ ಅದನ್ನು ಪ್ಯಾಡಿನ ನಡುವಿಗೆ ಎಳೆಯುತ್ತದೆ. ಒಂದೇ ತುದಿ ಮೊದಲು ಕರಗಿದರೆ ಮಾತ್ರ ಆ ಸೆಳೆತಕ್ಕೆ ಸಿಕ್ಕು ಬಿಡಿಭಾಗ ಎದ್ದು ನಿಂತುಬಿಡುತ್ತದೆ. ಗಾಳಿ ಎರಡೂ ಕಡೆ ಸಮನಾಗಿ ಬೀಳಲಿ.

ಸೀಸ ಮುಟ್ಟಿದ ಕೈಯನ್ನು ಊಟಕ್ಕೆ ಮುಂಚೆ ಸೋಪು ಹಾಕಿ ತೊಳೆಯಿರಿ. ಬಿಸಿಗಾಳಿಯ ಬದಲು ಒವನ್‌ನಲ್ಲಿ ಬೋರ್ಡು ಕಾಯಿಸಿದರೆ, ಆ ಒವನ್ ಮತ್ತೆ ಅಡುಗೆಮನೆಗೆ ಹೋಗಕೂಡದು.